ಬೇಲಿ ಬಳಿಯ ಖಾಲಿ ತೋಟಾ

ಹಂಸಾ ನಮ್ಮ ಮನೆಯ ಬಾಗಿಲು ತಟ್ಟಿದಾಗ ಲೀಲಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. 2005ರ ನವೆಂಬರ್ ತಿಂಗಳ ಒಂದು ಬೆಳಗ್ಗೆ, ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ. ನಾನು ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದೆ. ಲೀಲಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಧಾರವಾಡದ ಲೀಲಾವತಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬಂದೂಕುಗಳನ್ನು ಪರೀಕ್ಷಿಸುತ್ತಾ ಅರ್ಧ ಆಯುಷ್ಯ ಕಳೆದವರು. ಈಗ ಇಲ್ಲಿ ಅದನ್ನೇ ಪಾಠ ಮಾಡುತ್ತಿದ್ದರು. ಸುತ್ತಲಿನ ಕನ್ನಡಿಗರಿಗೆ ಕಷ್ಟ ಬಂದಾಗ ಪೊಲೀಸರಿಗಿಂತ ಮೊದಲು ನೆನಪಾಗುತ್ತಿದ್ದುದು ಅವರೇ.

ಹಂಸಾ ಬರ್ಮಿಂಗ್‌ಹ್ಯಾಮಿನಿಂದ ಮೊದಲ ಟ್ರೈನಿಗೇ ಬಂದಿದ್ದಳು. ಕೋಟು ಕೂಡ ಬಿಚ್ಚದೆ ಹೇಳಿದಳು: "ಮೇಡಂ, ನಮ್ಮನೆಯವರು ಊಟ ಬಿಟ್ಟಿದ್ದಾರೆ. ನಾನೇ ಹರ್ಷನ್ನ ಕೊಂದೆ ಅಂತ ಒಂದೇ ಸಮ ಹೇಳ್ತಾರೆ. ಪೊಲೀಸರು ಆಕ್ಸಿಡೆಂಟ್ ಅಂತಾರೆ. ಇವರು ನಂಬ್ತಿಲ್ಲ."

"ಕೂಡ್ರವಾ ಮೊದಲ," ಎಂದು ಲೀಲಕ್ಕ ಕೈ ತೊಳೆದುಕೊಂಡರು. "ಏನಾತು, ಮೊದಲಿಂದ ಹೇಳು."

ಹಂಸಾಳ ಗಂಡ ಬೋಪಣ್ಣ ಕೊಡಗಿನವನು, ಸಾಫ್ಟ್‌ವೇರ್ ಇಂಜಿನಿಯರ್. ಕೋವಿಯೊಂದಿಗೇ ಬೆಳೆದವನು. ಇಲ್ಲೂ ಲೈಸನ್ಸ್ ಪಡೆದು ಹಳೆಯ ಮಾದರಿಯ, ಪ್ರತಿ ಗುಂಡಿಗೂ ಕೈಯಿಂದ ಲಿವರ್ ಎಳೆಯಬೇಕಾದ ಕೋವಿಯೊಂದನ್ನು ಕೊಂಡಿದ್ದ. ಹೆರಿಫರ್ಡ್ ಕಡೆ ಕಾಡಂಚಿನಲ್ಲಿ ಪ್ರೈಸ್ ಎಂಬ ರೈತನ ಜಮೀನಿತ್ತು. ಅಲ್ಲಿಗೆ ಕಾಡುಹಂದಿಗಳು ನುಗ್ಗಿ ಹುಲ್ಲುಗಾವಲು ಉತ್ತು ಹಾಕುತ್ತಿದ್ದವು. ಪ್ರೈಸ್ ಕರೆದಾಗಲೆಲ್ಲ ಬೋಪಣ್ಣ ಹೋಗುತ್ತಿದ್ದ. ಹಿಂದಿನ ಶನಿವಾರ ಆಫೀಸಿನ ಗೆಳೆಯರಾದ ಹರ್ಷ ಮತ್ತು ವಿನಾಯಕ ಕೂಡ ಹೋಗಿದ್ದರು. ಹರ್ಷ ಹಿಂತಿರುಗಲಿಲ್ಲ.

ಅಂದೇ ಮಧ್ಯಾಹ್ನ ನಾವು ಬರ್ಮಿಂಗ್‌ಹ್ಯಾಮ್ ತಲುಪಿದೆವು. ಬೋಪಣ್ಣ ಸೋಫಾದ ಮೂಲೆಯಲ್ಲಿ ಮುದುಡಿಕೊಂಡಿದ್ದ. ವಿನಾಯಕ ಅಲ್ಲೇ ಇದ್ದ. ಬಂದವರಿಗೆಲ್ಲ ಟೀ ಮಾಡಿಕೊಡುವುದು, ಫೋನ್ ಎತ್ತುವುದು ಎಲ್ಲ ಅವನೇ. ಕಪ್ಪು ಕೊಡುವಾಗ ಅವನ ಬಲಗೈಯ ಪ್ಲಾಸ್ಟರ್ ಕಿತ್ತು ಬಂದದ್ದು ನೋಡಿ ನಾನು ಹೊಸದು ಹಾಕಿಕೊಟ್ಟೆ. ನಡುಬೆರಳು, ಉಂಗುರ ಬೆರಳು, ಕಿರುಬೆರಳು ಮೂರರ ಬೆನ್ನ ಮೇಲೂ ಒಂದೇ ಸಾಲಿನಲ್ಲಿ ಚರ್ಮ ಸುಲಿದಿತ್ತು. ತೋರುಬೆರಳಿಗೆ ಏನೂ ಆಗಿರಲಿಲ್ಲ.

"ಕಾರ್ ಡೋರ್‌ಗೆ ಸಿಕ್ಕಿಬಿಡ್ತು ಡಾಕ್ಟ್ರೇ. ಆವತ್ತಿನ ಗಾಬರಿ," ಎಂದ.

ಲೀಲಕ್ಕ ಬೋಪಣ್ಣನ ಎದುರು ಸ್ಟೂಲು ಎಳೆದುಕೊಂಡು ಕೂತರು. "ಹಂದಿ ಹೊಡದಿರಿ. ಆಮ್ಯಾಲೆ?"

"ಬಿತ್ತು. ಲಿವರ್ ಎಳೆದೆ, ಖಾಲಿ ತೋಟಾ ಜೇಬಿಗೆ ಹಾಕ್ಕೊಂಡೆ. ತೋಟಾಗೆ ಬಡಿಯೋ ಹ್ಯಾಮರ್ ಮೆಲ್ಲಗೆ ಇಳಿಸಿದೆ. ಆದ್ರೆ ನಳಿಗೇಲಿ ಇನ್ನೊಂದು ತೋಟಾ ಬಂದು ಕೂತಿತ್ತು, ಅದನ್ನ ತೆಗೀಲಿಲ್ಲ. ಹಾಗೇ ಕೋವೀನ ಶೆಡ್‌ನಲ್ಲಿ ಒರಗಿಸಿ ಹಂದಿ ಕೊಯ್ಯೋಕೆ ಹೊಳೆ ಹತ್ರ ಇಳಿದೆ. ಪ್ರೈಸ್ ಟ್ರ್ಯಾಕ್ಟರ್ ತರೋಕೆ ಹೋದ್ರು, ಎಂಜಿನ್ ಸದ್ದು ಕೇಳ್ತಾನೇ ಇತ್ತು. ವಿನಾಯಕ ಚಳಿ ಅಂತ ಕಾರಲ್ಲಿ ಕೂತಿದ್ದ. ಆಗ ಈಡಿನ ಶಬ್ದ ಕೇಳಿಸ್ತು."

"ಓಡಿ ಹೋದಿರಿ."

"ಬೇಲಿ ದಾಟೋ ಮರದ ಮೆಟ್ಟಿಲ ಮೇಲೆ ಹರ್ಷ ಬೋರಲು ಬಿದ್ದಿದ್ದ. ಎದೆಗೆ ಹೊಡೆದಿತ್ತು. ಕೋವಿ ಕೆಳಗೆ ಕೆಸರಲ್ಲಿ. ನೋಡೋ ಆಸೆಗೆ ತಗೊಂಡು ಬಂದಿರ್ಬೇಕು, ಹತ್ತುವಾಗ ಹ್ಯಾಮರ್ ತಾಗಿ ಹಾರಿರ್ಬೇಕು. ಇನ್ನೊಬ್ಬರಿಗೆ ಏನಾದ್ರೂ ಆದೀತು ಅಂತ ಅದನ್ನೆತ್ತಿಕೊಂಡು ಆಚೆ ನಿಂತಿದ್ದ ಪ್ರೈಸ್ ಅವರ ಟ್ರೇಲರ್ ತನಕ ಓಡಿದೆ. ಅಲ್ಲೇ ಖಾಲಿ ಮಾಡಿದೆ."

"ಏನೇನ್ ಬಿತ್ತು?"

"ನಾಲ್ಕು ತೋಟಾ. ಟ್ರೇಲರ್ ಹಲಗೆ ಮೇಲೆ ಟಣ್ ಟಣ್ ಅಂತ ಬಿದ್ದದ್ದು ಇನ್ನೂ ಕಿವೀಲಿದೆ."

"ನಾಕೂ ತುಂಬಿದ್ದವು?"

"ಹೌದು ಮೇಡಂ. ಹಾರಿದ್ದರ ಖಾಲಿ ತೋಟಾ ಪೊಲೀಸರಿಗೆ ಮೆಟ್ಟಿಲ ಹತ್ರ ಕೆಸರಲ್ಲಿ ಸಿಕ್ತು."

"ಈ ಕೋವಿ ಗೆಳೆಯಾರಿಗೆ ತೋರಿಸಿದ್ರೇನು?"

"ಬೆಳಗ್ಗೆ ಇಬ್ಬರಿಗೂ ಖಾಲಿ ಕೋವೀಲಿ ಲಿವರ್ ಎಳೆದು ತೋರಿಸಿದ್ದೆ."

"ನಾನು ಫೋನಲ್ಲಿದ್ದೆ. ನಂಗೆ ಗನ್ ಅಂದ್ರೆನೇ ಅಲರ್ಜಿ," ಎಂದು ಅಡುಗೆಮನೆಯಿಂದ ವಿನಾಯಕ ದನಿಗೂಡಿಸಿದ.

ಅಲ್ಲಿಂದ ಹರ್ಷನ ಮನೆಗೆ ಹೋದೆವು. ಹೆಂಡತಿ ಉಷಾಳ ಕಣ್ಣೀರು ಬತ್ತಿತ್ತು. "ಒಂದು ತಿಂಗಳಿಂದ ಅವರು ಅವರಾಗಿರಲಿಲ್ಲ," ಎಂದಳು. "ದಿನಾ ವಿನಾಯಕನ ಕಾರಲ್ಲೇ ನಾಟಿಂಗ್‌ಹ್ಯಾಮಿಗೆ ಆಫೀಸ್ ಕೆಲಸಕ್ಕೆ ಹೋಗ್ತಿದ್ದೋರು ಟ್ರೈನ್ ಹಿಡಿಯೋಕೆ ಶುರು ಮಾಡಿದ್ರು. ರಜಾ ದಿನ ನಾಟಿಂಗ್‌ಹ್ಯಾಮ್ ಆಸ್ಪತ್ರೇಲಿ ಯಾರೋ ಪೇಷಂಟ್ ಹತ್ರ ಕೂತು ಬರೋರು. ಯಾರು ಅಂತ ಕೇಳಿದ್ರೆ, ಒಬ್ಬ ಹುಡುಗ, ಆಮೇಲೆ ಎಲ್ಲಾ ಹೇಳ್ತೀನಿ ಅಂದ್ರು. ಗುರುವಾರ ಆ ಹುಡುಗ ತೀರಿಕೊಂಡನಂತೆ. ರಾತ್ರಿಯೆಲ್ಲ ಅತ್ತರು."

"ಮುಂದ ಏನರ ಮಾಡೋದಿತ್ತೇನು?"

"ಸೋಮವಾರಕ್ಕೆ ರಜಾ ಹಾಕಿದ್ರು. ಯಾಕೆ ಅಂತ ಹೇಳಲಿಲ್ಲ."

ಹೊರಗೆ ಬಂದ ಮೇಲೆ ಲೀಲಕ್ಕ, "ನೀರಜಾ, ಆ ಹುಡುಗ ಯಾರಂತ ಗೊತ್ತಾದ್ರ ಉಳದದ್ದು ತಾನ ಬಿಚ್ಚಿಕೊಳ್ತದ," ಎಂದರು.

ನಾಟಿಂಗ್‌ಹ್ಯಾಮಿನಲ್ಲಿ ನನ್ನ ಸಹಪಾಠಿಯೊಬ್ಬಳು ಕೆಲಸದಲ್ಲಿದ್ದಳು. ನಾನು ಹೆಸರು ಕೇಳುವ ಮೊದಲೇ ಅವಳೇ ಹೇಳಿದಳು. ಅಲ್ಲಿಯ ಕನ್ನಡಿಗರೆಲ್ಲ ಆ ಶೋಕದಲ್ಲಿದ್ದರು. ಹರಿಪ್ರಸಾದ, ಊರಂಚಿನ ಬೀಸ್ಟನ್ನಿನಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದವನು. ಅಕ್ಟೋಬರಿನಲ್ಲಿ ಸೈಕಲ್ಲಿನಲ್ಲಿ ಬರುವಾಗ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ಅವನಿಗೆ ಮತ್ತೆ ಪ್ರಜ್ಞೆ ಬರಲೇ ಇಲ್ಲ. ಗದಗಿನಿಂದ ಬಂದಿದ್ದ ತಾಯಿ ಸಿದ್ದವ್ವ ಬೀಸ್ಟನ್ನಿನಲ್ಲಿ ಮಗನ ಬಾಡಿಗೆ ಮನೆಯಲ್ಲೇ ಇದ್ದರು. ಲೀಲಕ್ಕ ಅವರನ್ನು ಕಂಡು ಬಂದರು. ಹರ್ಷ ಮಗನ ಗೆಳೆಯನೆಂದೇ ಸಿದ್ದವ್ವ ತಿಳಿದಿದ್ದರಂತೆ.

ಆ ವಾರಾಂತ್ಯ ಲೀಲಕ್ಕನ ಕೋರಿಕೆಯಂತೆ ಎಲ್ಲರೂ ಪ್ರೈಸನ ಅಡುಗೆಮನೆಯಲ್ಲಿ ಸೇರಿದೆವು. ಬೋಪಣ್ಣ, ಹಂಸಾ, ಉಷಾ, ವಿನಾಯಕ. ಕಲ್ಲಿದ್ದಲಿನ ಒಲೆಯ ಪಕ್ಕ ಇನ್‌ಸ್ಪೆಕ್ಟರ್ ಡಾಸನ್. ಮೇಜಿನ ಮೇಲೆ ಅವನು ತಂದಿದ್ದ ಕೋವಿ. ಲೀಲಕ್ಕ ಒಂದು ಮಾತು ಇಂಗ್ಲಿಷಿನಲ್ಲಿ, ಒಂದು ಮಾತು ಕನ್ನಡದಲ್ಲಿ ವಿವರಿಸತೊಡಗಿದರು.

ಮದ್ದಿಲ್ಲದ ತೋಟಾ ಒಂದನ್ನು ನಳಿಗೆಗೆ ಸೇರಿಸಿ ಟ್ರಿಗರ್ ಎಳೆದರು. ಕಟ್ ಎಂದಿತು. "ಈಗ ಗುಂಡು ಹಾರಿತು ಅಂತ ತಿಳೀರಿ. ಖಾಲಿ ತೋಟಾ ಎಲ್ಲೈತಿ?"

"ಒಳಗೇ ಇದೆ," ಎಂದ ಬೋಪಣ್ಣ. ಮರುಕ್ಷಣವೇ ಅವನ ಮುಖದ ಬಣ್ಣ ಬದಲಾಯಿತು.

"ಒಳಗ ಇರ್ತದ. ಪಿಸ್ತೂಲಿನಂಗ ತಾನ ಹೊರಗ ಹಾರೂದಿಲ್ಲ. ಮನಷ್ಯಾ ಕೈಯಿಂದ ಲಿವರ್ ಕೆಳಗ ಒತ್ತಿದಾಗ ಅಷ್ಟ ಬೀಳ್ತದ." ಅವರು ಟ್ರಿಗರಿನ ಕೆಳಗಿನ ಬಳೆಯಂಥ ಲಿವರನ್ನು ಒತ್ತಿದರು. ತೋಟಾ ಚಿಮ್ಮಿ ಮೇಜಿನ ಮೇಲೆ ಉರುಳಿತು. "ಹರ್ಷನ ಕೈಯಾಗ ತಾನ ಹಾರಿದ್ರ, ಬೋಪಣ್ಣ ಟ್ರೇಲರ್ ಹತ್ರ ಕೋವಿ ಖಾಲಿ ಮಾಡಿದಾಗ ಮೊದಲು ಬೀಳಬೇಕಾದದ್ದು ಖಾಲಿ ತೋಟಾ. ಆದರ ಅಲ್ಲಿ ಬಿದ್ದ ನಾಕೂ ತುಂಬಿದ್ದವು. ಖಾಲೀದು ಬೇಲಿ ಹತ್ರ ಬಿದ್ದಿತ್ತು. ಎದಿಗೆ ಗುಂಡು ಹೊಕ್ಕು ಬಿದ್ದಾಂವ ಎದ್ದು ಲಿವರ್ ಎಳೀತಾನೇನ್ರಿ? ಬ್ಯಾರೆ ಯಾರೋ ಎಳದಾರ. ಒಂದು ಗುಂಡಿಗೆ ಸಾಯದಿದ್ರ ಇನ್ನೊಂದು ಇರಲಿ ಅಂತ."

ಉಷಾ ಮೇಜಿನ ಅಂಚನ್ನು ಹಿಡಿದುಕೊಂಡಳು.

ಡಾಸನ್ ಮುಂದಕ್ಕೆ ಬಾಗಿ, ಅದು ಬೋಪಣ್ಣನೇ ಯಾಕಾಗಿರಬಾರದು ಎಂದು ಕೇಳಿದ.

"ಅಂವ ಈ ಕೋವಿ ಒಳಹೊರಗ ಬಲ್ಲಾಂವ. ಆಕಸ್ಮಿಕ ಅಂತ ನಾಟಕ ಕಟ್ಟೂದಾಗಿದ್ರ ಖಾಲಿ ತೋಟಾ ನಳಿಗ್ಯಾಗ ಬಿಡ್ತಿದ್ದ. ಇಲ್ಲಾ, ಟ್ರೇಲರ್ ಹತ್ರ ತುಂಬಿದ್ದು ಬಿತ್ತು ಅಂತ ನಿಮಗ ಹೇಳ್ತಿರಲಿಲ್ಲ. ಪ್ರೈಸ್ ಅವರ ಟ್ರ್ಯಾಕ್ಟರ್ ಸದ್ದು ನಡುವ ನಿಲ್ಲಲಿಲ್ಲ. ಉಳದಾಂವ ಕೋವಿ ಬಗ್ಗೆ ಅರ್ಧ ಕಲಿತಾಂವ. ಅಂವಗ ಲಿವರ್ ಎಳ್ಯೂದು ಬೆಳಿಗ್ಗೆ ನೋಡಿ ಗೊತ್ತಿತ್ತು. ಅದರಿಂದ ಏನು ತಿಳೀತದ ಅನ್ನೂದು ಗೊತ್ತಿರಲಿಲ್ಲ."

ಅವರು ಬಲಗೈಯನ್ನು ಲಿವರಿನ ಬಳೆಯೊಳಗೆ ಹಾಕಿ ಎತ್ತಿ ತೋರಿಸಿದರು. ಮೂರು ಬೆರಳು ಒಳಗೆ, ತೋರುಬೆರಳು ಹೊರಗೆ ಟ್ರಿಗರಿನ ಮೇಲೆ. "ರೂಢಿ ಇಲ್ಲದಾಂವ ಚಳ್ಯಾಗ ಜೋರಾಗಿ ಒತ್ತಿದ್ರ ಈ ಕಬ್ಬಿಣ ಮೂರೂ ಬೆರಳಿನ ಬೆನ್ನು ಸುಲೀತದ. ತೋರುಬೆರಳು ಉಳೀತದ. ನೀರಜಾ, ನೀ ಪಟ್ಟಿ ಕಟ್ಟಿದ್ದು ಯಾವ ಬೆರಳಿಗೆ?"

ಆ ಮೂರೇ ಬೆರಳಿಗೆ ಎಂದು ಹೇಳಿದೆ.

ವಿನಾಯಕ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. "ಇದೆಲ್ಲ ಏನ್ ಮೇಡಂ, ಬೆರಳು ಸುಲಿದಿದ್ದಕ್ಕೆ... ನಾನ್ಯಾಕೆ ಹರ್ಷನ್ನ..."

"ಅಕ್ಟೋಬರಿನಾಗ ನಾಟಿಂಗ್‌ಹ್ಯಾಮ್ ಕೆಲಸ ಮುಗಿಸಿ ಇಬ್ಬರೂ ನಿನ್ನ ಕಾರಿನಾಗ ಬರೂವಾಗ ಬೀಸ್ಟನ್ನಿನಾಗ ಏನಾತು?"

"ಅವನು ಸೈಕಲ್‌ಗೆ ಲೈಟೇ ಹಾಕಿರಲಿಲ್ಲ!"

ಮಾತು ಬಾಯಿಂದ ಹೊರಬಿದ್ದ ಮೇಲೆ ವಿನಾಯಕ ಸುತ್ತಲೂ ನೋಡಿದ. ಯಾರೂ ಸೈಕಲ್ಲಿನ ಸುದ್ದಿ ಎತ್ತಿರಲಿಲ್ಲ. ಆಮೇಲೆ ಅವನ ಮಾತು ನಿಲ್ಲಲಿಲ್ಲ. ಫೋನ್ ನೋಡುತ್ತಾ ಕಾರು ಓಡಿಸುತ್ತಿದ್ದದ್ದು, ನಿಲ್ಲಿಸು ಎಂದು ಹರ್ಷ ಕಿರುಚಿದ್ದು, ಹುಡುಗ ಬದುಕುತ್ತಾನೆ ಸುಮ್ಮನಿರು ಎಂದು ತಿಂಗಳಿಡೀ ಹರ್ಷನ ಕಾಲು ಹಿಡಿದದ್ದು. "ಹುಡುಗ ಸತ್ತ, ಇನ್ನು ನನ್ನಿಂದಾಗಲ್ಲ, ಸೋಮವಾರ ಪೊಲೀಸರಿಗೆ ಹೇಳ್ತೀನಿ ಅಂದ. ಆ ಮೆಟ್ಟಿಲ ಮೇಲೆ ನಿಂತೇ ಹೇಳಿದ. ನನ್ನ ಕೆಲಸ, ವೀಸಾ, ಮಗು... ಶೆಡ್‌ನಲ್ಲಿ ಕೋವಿ ಕಾಣಿಸ್ತು."

ಡಾಸನ್ ಅವನನ್ನು ಕರೆದೊಯ್ದ. ಹಂಸಾ ಗಂಡನ ಭುಜದ ಮೇಲೆ ಕೈಯಿಟ್ಟಳು. "ತುಂಬಿದ ಕೋವಿ ಬಿಟ್ಟು ಹೋದದ್ದು ನಾನೇ ಅಲ್ವಾ," ಎಂದ ಬೋಪಣ್ಣ. ಲೀಲಕ್ಕ ಅಲ್ಲವೆನ್ನಲಿಲ್ಲ. "ಹೌದಪ್ಪಾ. ಆದರ ನೀ ಕೊಂದಿಲ್ಲ. ಎರಡನ್ನೂ ಹೊತ್ತುಕೊಂಡು ಊಟ ಮಾಡು," ಎಂದರು.

ಅಂಗಳಕ್ಕೆ ಬಂದಾಗ ಉಷಾ ನಮ್ಮ ಕಾರಿನ ಪಕ್ಕ ನಿಂತಿದ್ದಳು. "ನನ್ನನ್ನ ಆ ಅಮ್ಮನ ಹತ್ರ ಕರ್ಕೊಂಡು ಹೋಗಿ. ಪೊಲೀಸರು ಹೇಳೋ ಮೊದ್ಲು ನಾನು ಹೇಳ್ಬೇಕು."

ಬೀಸ್ಟನ್ನಿನ ಆ ಚಿಕ್ಕ ಮನೆಯಲ್ಲಿ ಸಿದ್ದವ್ವ ಉಷಾಳ ಎರಡೂ ಕೈ ಹಿಡಿದುಕೊಂಡರು. "ನಿನ್ನ ಗಂಡ ಭಾಳ ಚಲೋ ಮನಷ್ಯಾ ಯವ್ವಾ. ನನ್ನ ಮಗನ ಕಾಲು ಒತ್ತತಿದ್ದ. ಅಂವನೂ ಹೋದನಂತ ಈ ಅಕ್ಕಾರು ಹೇಳಿದ್ರು."

"ಅಮ್ಮಾ, ಆ ಕಾರಲ್ಲಿ ಅವರೂ ಇದ್ದರು," ಎಂದಳು ಉಷಾ. "ಓಡಿಸ್ತಿದ್ದವನು ಬೇರೆ. ನಿಲ್ಲಿಸು ಅಂದ್ರಂತೆ. ಆದ್ರೆ ಯಾರಿಗೂ ಹೇಳಲಿಲ್ಲ. ಹೇಳ್ತೀನಿ ಅಂದಿದ್ದಕ್ಕೇ ಅವನು ಇವರನ್ನ ಕೊಂದ."

ಸಿದ್ದವ್ವ ಕೈ ಬಿಟ್ಟರು. ಉಷಾಳ ಮುಖವನ್ನು ಬಹಳ ಹೊತ್ತು ನೋಡಿದರು. "ಕಾಲು ಒತ್ತೂವಾಗ ಅಳತಿದ್ದ," ಎಂದರು. "ಗೆಳೆಯಾ ಅದಾನ, ಅದಕ್ಕ ಅಳತಾನ ಅಂದುಕೊಂಡಿದ್ದೆ." ಎದ್ದು ಒಳಗೆ ಹೋದರು.

ಉಷಾ ಕುರ್ಚಿಯಿಂದ ಏಳಲಿಲ್ಲ. ಹೊರಡೋಣವೆಂದು ನಾನು ಭುಜ ಮುಟ್ಟಿದರೂ ಕದಲಲಿಲ್ಲ. ಲೀಲಕ್ಕ ನನಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. ಹೊರಗೆ ಬಸ್ಸುಗಳು ಹೋಗುತ್ತಿದ್ದವು. ಕೊನೆಗೆ ಒಳಗಿನಿಂದ ಪಾತ್ರೆಯ ಸದ್ದು ಕೇಳಿತು, ಅದರ ಹಿಂದೆಯೇ ಸಿದ್ದವ್ವನ ದನಿ.

"ಆ ಹೆಣ್ಮಗಳು ಏನರ ತಿಂದಾಳೋ ಇಲ್ಲೋ, ಕೇಳ್ರಿ."