ಕೊನೆಯ ಸರದಿ

ಬಾತ್‌ರೂಮಿನಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಯಾರ ಮುಂದೆಯೂ ಹೇಳಿಕೊಳ್ಳದ ಚಿಂತೆ ಇದು.

ಪ್ರವಾಸಕ್ಕೆ ಹೊರಟ ಹಡಗಿನ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ನಾವು ನಾಲ್ವರಿದ್ದೆವು: ದೊಡ್ಡಮ್ಮ, ಅಕ್ಕ, ಅತ್ತಿಗೆ, ನಾನು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಮೀರಿದರೆ ಹೊರಗಿದ್ದವರು ಎರಡು ಸಲ ಬಾಗಿಲು ತಟ್ಟುವುದು ಎಂದು ದೊಡ್ಡಮ್ಮ ನಿಯಮ ಮಾಡಿದ್ದರು. ಕೊನೆಯ ಸರದಿ ನನ್ನದು. ಮೊದಲ ಮೂರು ದಿನವೂ ಬೆಳಗ್ಗೆ ಯಾರೋ ಮೆಲ್ಲಗೆ ಎರಡು ಸಲ ತಟ್ಟಿದರು. "ಬಂದೆ, ಬಂದೆ" ಎಂದು ಗಡಿಬಿಡಿಯಲ್ಲಿ ಹೊರಬಂದರೆ ಕ್ಯಾಬಿನ್ ಖಾಲಿ. ಬಾಗಿಲ ಮುಂದಿನ ಕಾರ್ಪೆಟ್ ಮಾತ್ರ ಒದ್ದೆ, ಐಸಿನಷ್ಟು ತಣ್ಣಗೆ.

ಮೂರನೆಯ ದಿನ ತಿಂಡಿಗೆ ಕೂತಾಗ ಹೇಗೋ ಬಾಯಿಬಿಟ್ಟೆ. "ನಾಳೆಯಿಂದ ಬೇಗ ಮುಗಿಸ್ತೀನಿ ಅತ್ತಿಗೆ, ತಟ್ಟಬೇಡಿ."

ಅತ್ತಿಗೆ ನಕ್ಕುಬಿಟ್ಟರು. "ನೀನು ಒಳಗೆ ಹೋದ ತಕ್ಷಣ ನಾವು ಮೂವರೂ ಕಾಫಿಗೆ ಓಡ್ತೀವಲ್ಲೇ ಮಾರಾಯ್ತಿ! ನಿನ್ನ ಕಾಯ್ತಾ ಕೂತ್ರೆ ಹಡಗು ದಡ ಸೇರಿರುತ್ತೆ."

ನಾಲ್ಕನೆಯ ಬೆಳಗ್ಗೆ ಅವರನ್ನು ಮೊದಲೇ ಕಳಿಸಿ, ಕ್ಯಾಬಿನ್ನಿನ ಚಿಲಕ ನಾನೇ ಹಾಕಿ ಬಾತ್‌ರೂಮಿಗೆ ಹೋದೆ. ಸರಿಯಾಗಿ ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದಾಯಿತು, ಎರಡು ಸಲ. ಬಾಗಿಲ ಕೆಳಗಿನಿಂದ ತಣ್ಣನೆಯ ನೀರು ಹರಿದು ನನ್ನ ಕಾಲ್ಬೆರಳು ಮುಟ್ಟಿತು. ಅಭ್ಯಾಸದಂತೆ "ಬಂದೆ" ಎನ್ನಲು ಹೊರಟವಳು ತಡೆದುಕೊಂಡೆ.

"ನಂಗೆ ಹೆದರಿಕೆ ಆಗ್ತಿದೆ," ಎಂದೆ ಜೋರಾಗಿ. "ನಾನು ಬರಲ್ಲ."