ಉಂಡಮ್ಮಾ ಎಂದಳು ಅಜ್ಜಿ

"ಬಿಡ್ರೀ ಆ ಲೋಟನ! ಅಜ್ಜಿ ಕಾಲು ತೆಗೀಬೇಕಾ ನಿಮಗೆ?"

ಕೋಲಾರದ ಬಸ್ ನಿಲ್ದಾಣದ ಬೆಳಗಿನ ಗಲಾಟೆಯಲ್ಲೂ ಆ ಮಾತು ಹತ್ತು ಜನರ ಕಿವಿಗೆ ಬಿತ್ತು. ಸಿಹಿ ಟೀ ಹಿಡಿದಿದ್ದ ಯುವಕ ಬೆಪ್ಪಾಗಿ ನಿಂತ. ಅವನ ಇನ್ನೊಂದು ಕೈಯಲ್ಲಿದ್ದ ಬನ್ನನ್ನೂ ರಂಜಿತ ಕಿತ್ತುಕೊಂಡಳು.

ನಮ್ಮ ರಂಜಿತಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ! ಆದರೆ ಅವತ್ತಿನ ಕೋಪಕ್ಕೆ ಕಾರಣವಿತ್ತು.

ಅವಳು ಮಂಡ್ಯದ ಹುಡುಗಿ. ಬೀದಿಯಲ್ಲೇ ಬದುಕುವವರಿಗೆ ಚಿಕಿತ್ಸೆ ಕೊಡುವ ಸಂಸ್ಥೆಯೊಂದರಲ್ಲಿ ನರ್ಸ್. ಕೋಲಾರಕ್ಕೆ ಹೊಸಬಳು. ದಿನಾ ಬೆಳಿಗ್ಗೆ ವ್ಯಾನಿನಲ್ಲಿ ಬಂದು, ನಿಲ್ದಾಣದ ಕಂಬದ ಬುಡದಲ್ಲಿ ಮಲಗುವ ದೊಡ್ಡಗಂಗಮ್ಮಜ್ಜಿಯ ಕಾಲಿನ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಸುತ್ತಿದ್ದಳು. ಅಜ್ಜಿಯ ಕಾಲ್ಬೆರಳು ಕಪ್ಪಾಗುತ್ತಿತ್ತು. ಬೇಗ ಆಸ್ಪತ್ರೆಗೆ ಸೇರಿಸದಿದ್ದರೆ ಕಾಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಜ್ಜಿ ಮಾತ್ರ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಟೀ ತಂದ ಪುಣ್ಯಾತ್ಮನ ಹೆಸರು ಚಂದ್ರಮೋಹನ್. ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ ಓಡಿಸುವವನು. ಮುಳಬಾಗಿಲಿನ ಕಡೆಯವನು, ಮನೆಮಾತು ತೆಲುಗು. ಶಿಫ್ಟಿನವರನ್ನು ಹತ್ತಿಸಿಕೊಳ್ಳಲು ಬಂದಾಗಲೆಲ್ಲ ಅಜ್ಜಿಗೆ ಏನಾದರೂ ತಿನ್ನಿಸಿ ಹೋಗುತ್ತಿದ್ದ. ಸಕ್ಕರೆ ಕಾಯಿಲೆಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ತಪ್ಪಾಯ್ತು ಎಂದ. ಹಾಗಾದರೆ ನಾಳೆಯಿಂದ ಏನು ತರಲಿ ಎಂದು ಮೆಲ್ಲಗೆ ಕೇಳಿದ.

"ಏನೂ ತರಬೇಡಿ. ಅಜ್ಜೀನ ನಾವು ನೋಡ್ಕೋತೀವಿ."

ಅವನು ತಲೆಯಾಡಿಸಿ ಹೋದ. ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುವ ಪೈಕಿ ಅವನು. ಅದೇ ಆಗಿದ್ದು ಎಡವಟ್ಟು.

ಮರುದಿನದಿಂದ ರಂಜಿತ ಮಾತ್ರೆ ಕೊಡುವ ಮುಂಚೆ ತನ್ನ ಊರಿನ ಮಾತಲ್ಲೇ ಕೇಳತೊಡಗಿದಳು, ಉಂಡ್ರಾ ಅಜ್ಜೀ ಎಂದು. ಅಜ್ಜಿ ಬೊಚ್ಚುಬಾಯಲ್ಲಿ, "ಉಂಡಮ್ಮಾ..." ಎನ್ನುತ್ತಿದ್ದಳು.

ಸರಿ, ಯಾರೋ ಇಡ್ಲಿಯೋ ಚಿತ್ರಾನ್ನವೋ ಕೊಟ್ಟಿರಬೇಕು. ಮಧ್ಯಾಹ್ನ ಹೇಗೂ ಸಂಸ್ಥೆಯ ಊಟ ಬರುತ್ತದೆ. ರಂಜಿತ ನೆಮ್ಮದಿಯಾಗಿ ಮಾತ್ರೆ ನುಂಗಿಸುತ್ತಿದ್ದಳು.

ಆದರೆ ಒಂದು ವಿಚಿತ್ರ ಅವಳ ತಲೆ ಕೊರೆಯುತ್ತಿತ್ತು. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದರೂ ಅಜ್ಜಿಯದು ಅದೇ ಉತ್ತರ. ಅವಳ ವೇಲಿನ ಅಂಚು ಹಿಡಿದುಕೊಂಡು, ಉಂಡಮ್ಮಾ!

'ನಾನು ಆಸ್ಪತ್ರೆ ಅಂದ್ರೆ ಇವರು ಊಟ ಅಂತಾರಲ್ಲ... ಕಾಲು ಹೋಗುತ್ತೆ ಅಂದ್ರೂ ಊಟದ್ದೇ ಧ್ಯಾನವಾ?'

ಇನ್ನೊಂದು ವಿಷಯವೂ ಇತ್ತು, ಅದನ್ನು ಅವಳು ಯಾರ ಹತ್ತಿರವೂ ಒಪ್ಪಿಕೊಳ್ಳುವವಳಲ್ಲ. ಚಂದ್ರಮೋಹನ್ ಈಗಲೂ ಬರುತ್ತಿದ್ದ, ಬರಿಗೈಯಲ್ಲಿ. ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತೆಲುಗಿನಲ್ಲಿ ಅದೇನೋ ಮಾತಾಡುತ್ತಿದ್ದ. ವ್ಯಾನು ಕಂಡ ಕೂಡಲೇ ಇಬ್ಬರೂ ಅವಳತ್ತ ನೋಡಿ ನಗುತ್ತಿದ್ದರು. ಅವಳು ಹತ್ತಿರ ಬರುವಷ್ಟರಲ್ಲಿ ಅವನು ಎದ್ದು ಬಸ್ಸಿನ ಕಡೆ ನಡೆದುಬಿಡುತ್ತಿದ್ದ.

ನನ್ನ ಬಗ್ಗೆ ಏನು ಮಾತಾಡುತ್ತಾರೆ ಇವರು? ಕೇಳಲು ಸ್ವಾಭಿಮಾನ ಬಿಡದು, ಕೇಳದಿರಲು ಮನಸ್ಸು ಬಿಡದು. ಒಂದು ದಿನ ಅವನು ಕಾಣದೆ ಹೋದಾಗ ಅವಳ ಕಣ್ಣು ತಾನಾಗಿ ಕಂಪನಿ ಬಸ್ಸುಗಳ ಸಾಲನ್ನು ಹುಡುಕಿತು. ಆಮೇಲೆ ತನಗೆ ತಾನೇ ಬೈದುಕೊಂಡಳು.

ಅದಾಗಿ ಸ್ವಲ್ಪ ದಿನಕ್ಕೆ ಆ ಬೆಳಗು ಬಂತು.

ಮಾತ್ರೆ ನುಂಗಿಸಿ, ನಿಲ್ದಾಣದ ಆಚೆ ಮಗ್ಗುಲಿನ ರೋಗಿಗಳನ್ನು ನೋಡಿಕೊಂಡು ರಂಜಿತ ಮರಳಿದಾಗ ಅಜ್ಜಿ ಕಂಬಕ್ಕೊರಗಿ ವಾಲಿದ್ದಳು. ಮೈಯೆಲ್ಲ ತಣ್ಣನೆಯ ಬೆವರು. ಕರೆದರೆ ಬರೀ ಗೊಣಗಾಟ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು! ರಂಜಿತಳ ಎದೆ ಝಲ್ ಎಂದಿತು. ಅವಳು ಗ್ಲೂಕೋಸ್ ಪುಡಿಯನ್ನು ಅಜ್ಜಿಯ ಕೆನ್ನೆಯೊಳಗೆ ಸವರತೊಡಗಿದಳು.

ಎಲ್ಲಿದ್ದನೋ ಚಂದ್ರಮೋಹನ್, ಓಡಿ ಬಂದ. ಏನಾಯಿತೆಂದೂ ಕೇಳದೆ ಅಜ್ಜಿಯನ್ನು ಎತ್ತಿಕೊಂಡು ವ್ಯಾನಿನಲ್ಲಿ ಮಲಗಿಸಿ, ತಾನೂ ಹತ್ತಿ ಕುಳಿತ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಅಜ್ಜಿಯ ಉಸಿರು ಹದಕ್ಕೆ ಬಂತು. ಖಾಲಿ ಹೊಟ್ಟೆಗೆ ಮಾತ್ರೆ ಕೊಟ್ಟವರು ಯಾರು ಎಂದು ಡಾಕ್ಟರು ಗದರಿದರು. ರಂಜಿತ ಹೊರಗೆ ಬಂದು ಗೋಡೆಗೊರಗಿದಳು.

"ಖಾಲಿ ಹೊಟ್ಟೆ ಹೇಗಾಗುತ್ತೆ? ದಿನಾ ಕೇಳ್ತೀನಿ ನಾನು. ದಿನಾ ಉಂಡಮ್ಮಾ ಅಂತಾರೆ..."

ಚಂದ್ರಮೋಹನ್ ಅವಳ ಮುಖವನ್ನೇ ನೋಡಿದ.

"ಅದು ತೆಲುಗು ಕಣ್ರೀ, ಅಜ್ಜಿಗೆ ಕನ್ನಡ ಅಷ್ಟಾಗಿ ಬರಲ್ಲ. ಉಂಡು ಅಂದ್ರೆ ಇರು ಅಂತ. ಇರಮ್ಮಾ, ಹೋಗ್ಬೇಡ ಅಂತಿದ್ರು ಅಜ್ಜಿ."

ಇರಮ್ಮಾ... ಇರಮ್ಮಾ... ಅಂತ ಅಜ್ಜಿ ಅಂದಾಗಲೆಲ್ಲ ರಂಜಿತ ಸಮಾಧಾನವಾಗಿ ಬ್ಯಾಗು ಹೆಗಲಿಗೇರಿಸಿ ಹೊರಟಿದ್ದಳಲ್ಲ! ಕಣ್ಣೀರು ಧಾರಾಕಾರ ಇಳಿಯಿತು.

ಅವನೂ ತಲೆ ತಗ್ಗಿಸಿದ. ನೀವೇ ನೋಡಿಕೊಳ್ಳುತ್ತೀರಿ ಅಂದಿರಲ್ಲ, ತಿಂಡಿಯೂ ನಿಮ್ಮ ಕಡೆಯಿಂದಲೇ ಬರುತ್ತದೆ ಅಂದುಕೊಂಡೆ, ಒಂದು ಮಾತು ಕೇಳಬಹುದಿತ್ತು, ಬೈಸಿಕೊಂಡ ಸಿಟ್ಟಿಗೆ ಕೇಳಲಿಲ್ಲ ಎಂದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಆದರೂ ಕೂಸು ಬಡವಾಗಿತ್ತು.

ಅಜ್ಜಿ ಕಣ್ಣು ಬಿಟ್ಟ ಮೇಲೆ ಅವನು ತೆಲುಗಿನಲ್ಲೇ ಕೇಳಿದ, ಆಸ್ಪತ್ರೆ ಎಂದರೆ ಯಾಕಿಷ್ಟು ಹಟ ಎಂದು. ಹಿಂದೊಮ್ಮೆ ಯಾರೋ ಎಲ್ಲಿಯೋ ಸೇರಿಸಿ ಹಾಗೇ ಹೋಗಿಬಿಟ್ಟಿದ್ದರಂತೆ. ಬಾಯಾರಿದರೆ ನೀರು ಕೊಡುವವರಿಲ್ಲದೆ ಅಜ್ಜಿ ಎದ್ದು ಬಂದಿದ್ದಳು. ಜೊತೆಗೆ ಒಬ್ಬರು ಇರುವುದಾದರೆ ತಾನೂ ಇರುತ್ತೇನೆ ಎಂದಳು.

"ನಾನಿರ್ತೀನಿ ಅಂತ ಹೇಳಿ," ಎಂದಳು ರಂಜಿತ.

"ನಾನೂ ಇರ್ತೀನಿ ಅಂತ ಹೇಳ್ದೆ," ಎಂದ ಅವನು.

ಹಾಗೆ ಸರದಿ ಶುರುವಾಯಿತು. ಡ್ಯೂಟಿ ಮುಗಿಸಿ ಅವಳು, ಟ್ರಿಪ್ ಮುಗಿಸಿ ಅವನು. ಇವಳು ಬರುವ ಹೊತ್ತಿಗೆ ಅವನು ಹೊರಡಬೇಕು, ಆದರೆ ಹೊರಡುತ್ತಿರಲಿಲ್ಲ. ಒಂದು ಸಂಜೆ ಅವಳು ಕೊನೆಗೂ ಕೇಳಿಯೇಬಿಟ್ಟಳು, ಬಸ್ ನಿಲ್ದಾಣದಲ್ಲಿ ನನ್ನನ್ನು ನೋಡಿ ಯಾಕೆ ನಗುತ್ತಿದ್ದಿರಿ ಎಂದು.

ಅವನ ಕಿವಿ ಕೆಂಪಾಯಿತು. ಈ ಹುಡುಗಿ ಒಂದು ಗಳಿಗೆ ನಿಲ್ಲಲ್ಲ, ಇವಳನ್ನ ಕಟ್ಟಿಕೊಳ್ಳೋನು ಹಿಂದಿಂದೆ ಓಡಬೇಕು ಅಂತ ಅಜ್ಜಿ ಹೇಳುತ್ತಿದ್ದಳಂತೆ.

"ಅದಕ್ಕೆ ನೀವೇನಂದ್ರಿ?"

"ಓಡೋದ್ಯಾಕೆ, ಬಸ್ಸಿದೆಯಲ್ಲ ಅಂದೆ."

ರಂಜಿತ ನಗು ಮುಚ್ಚಿಕೊಳ್ಳಲು ಅಜ್ಜಿಯ ಹೊದಿಕೆ ಸರಿಮಾಡಿದಳು, ಅದು ಸರಿಯಾಗಿಯೇ ಇತ್ತು.

ಕಪ್ಪಾಗಿದ್ದ ಒಂದು ಬೆರಳನ್ನು ತೆಗೆಯಬೇಕಾಯಿತು. ಕಾಲು ಉಳಿಯಿತು! ಅಜ್ಜಿಗೆ ಆಶ್ರಯದ ಮನೆಯೊಂದರಲ್ಲಿ ಸಂಸ್ಥೆಯವರು ಜಾಗ ನೋಡಿದರು. ಇವರಿಬ್ಬರೂ ಬಂದು ಹೋಗುತ್ತಿದ್ದರೆ ಅಲ್ಲಿರುತ್ತೇನೆ ಎಂದು ಅಜ್ಜಿ ಒಪ್ಪಿದಳು.

ಡಾಕ್ಟರು ಕಾಲು ನೋಡಿ ಇನ್ನು ಭಯವಿಲ್ಲ ಎಂದು ಹೇಳಿ ಹೋದ ಆ ಬೆಳಿಗ್ಗೆ, ವಾರ್ಡಿನ ಆಯಾ ಸುನಂದಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. ಒಬ್ಬರಾದ ಮೇಲೊಬ್ಬರು ಕಾಯುತ್ತೀರಲ್ಲ, ನೀವು ಅಜ್ಜಿಗೆ ಏನಾಗಬೇಕು ಎಂದು ವಿಚಾರಿಸಿದಳು.

"ನಾನು ಮೊಮ್ಮಗ. ಮಗನ ಮಗ," ಎಂದ ಚಂದ್ರಮೋಹನ್, ಒಂದಿಷ್ಟೂ ಅಳುಕದೆ.

"ನೀನಮ್ಮಾ?"

ನಾನೂ ಮೊಮ್ಮಗಳೇ ಎನ್ನಲು ರಂಜಿತ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಕಡೆ ಬಾಗಿ ಪಿಸುಗುಟ್ಟಿದ.

"ಮಗಳ ಮಗಳು ಅನ್ನಿ."

"ಯಾಕೆ?"

"ಮಗನ ಮಗಳು ಅಂದ್ರೆ ನನಗೆ ತಂಗಿ ಆಗ್ಬಿಡ್ತೀರಿ ರೀ... ಆಮೇಲೆ ನಾನೆಲ್ಲಿಗೆ ಹೋಗ್ಲಿ?"

ಅವನ ದನಿಯಲ್ಲಿ ತಮಾಷೆ ಅರ್ಧ, ಹೆದರಿಕೆ ಅರ್ಧ. ರಂಜಿತಳ ಎದೆಬಡಿತ ಅವಳಿಗೇ ಕೇಳಿಸಿತು. 'ಇಷ್ಟು ದಿನ ಇದನ್ನ ಹೇಳೋಕೆ ಒದ್ದಾಡ್ತಿದ್ದನಾ? ನಾನೂ ಇದನ್ನ ಕೇಳೋಕೇ ಕಾಯ್ತಿದ್ನಾ?'

ಅವಳು ಸುನಂದಮ್ಮನ ಕಡೆ ತಿರುಗಿದಳು.

"ನಾನು ಮಗಳ ಮಗಳು. ಇವರು ನಮ್ಮ ಸೋದರಮಾವನ ಮಗ."

"ಓ, ವರಸೆ ಸರಿಯಾಗೇ ಇದೆ," ಎಂದು ಸುನಂದಮ್ಮ ನಗುತ್ತಾ ಮುಂದಿನ ಹಾಸಿಗೆಗೆ ಹೋದಳು.

ಚಂದ್ರಮೋಹನ್ ಕಣ್ಣಲ್ಲಿ ನೀರಾಡಿತು. ಅವಳ ಕೈ ಹಿಡಿಯಲು ಹೋಗಿ, ಹಿಂದೆಗೆದು, ಕೊನೆಗೆ ಹಿಡಿದೇಬಿಟ್ಟ.

"ನಿಜವಾಗ್ಲೂ ಒಪ್ಪಿಗೇನಾ ರೀ?"

"ಅತ್ತೆ ಮಗಳನ್ನ ಯಾರಾದ್ರೂ ರೀ ಅಂತಾರಾ?"

"ಮತ್ತೆ ಏನನ್ನಲಿ?"

"ಹೆಸರು ಹಿಡಿದು ಕರಿ."

"ರಂಜಿತ..."

"ಹ್ಞೂಂ," ಎಂದಳು ಅವಳು, ಕೈ ಬಿಡಿಸಿಕೊಳ್ಳದೆ.