ಪರದೆಯಾಚೆಯ ಭುಜ

ನಾನು ಅಮೆರಿಕದ ರಾಕ್‌ವಿಲ್‌ನಲ್ಲಿ ಫಿಸಿಯೋಥೆರಪಿಸ್ಟ್. ಸಣ್ಣ ಲೀಗಿನ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುತ್ತಿದ್ದ ಡೆವಿನ್ ಕಳೆದ ಬೇಸಿಗೆಯಿಡೀ ಭುಜದ ನೋವಿಗೆಂದು ನನ್ನ ಬಳಿ ಬರುತ್ತಿದ್ದ. ತೋಳೆತ್ತಿದರೆ ಕೀಲಿನೊಳಗೆ ಹಸಿ ಕಡ್ಡಿ ಮುರಿದಂಥ ಸದ್ದಾಗುತ್ತಿತ್ತು. ಸೀಸನ್ ಮುಗಿಯುವ ಮೊದಲೇ ಅವನು ಕಾರು ಅಪಘಾತದಲ್ಲಿ ತೀರಿಕೊಂಡ.

ಮುಂದಿನ ವಾರ ಒಂದು ಮಧ್ಯಾಹ್ನ, ಮೈಸೂರಿನ ದತ್ತಾತ್ರೇಯ ಅಂಕಲ್‌ಗೆ ಮಂಡಿ ಮಡಿಸುವ ವ್ಯಾಯಾಮ ಮಾಡಿಸುತ್ತಿದ್ದೆ. ಪಕ್ಕದ ಮಂಚಕ್ಕೆ ಮರೆಯಾಗಿದ್ದ ಪರದೆಯಾಚೆಯಿಂದ ಅದೇ ಸದ್ದು ಬಂತು. ಸ್ವಲ್ಪ ತಡೆದು ಮತ್ತೆ ಬಂತು, ಯಾರೋ ತನ್ನ ತೋಳನ್ನು ತಾನೇ ಮೆಲ್ಲಗೆ ಎತ್ತಿ ನೋಡಿಕೊಂಡಂತೆ.

"ಪಾಪ, ಪಕ್ಕದವರಿಗೆ ತುಂಬಾ ಪೇನ್ ಇದೆ ಅನ್ಸುತ್ತೆ. ಮೊದ್ಲು ಅವರನ್ನ ನೋಡಮ್ಮ ಶಾಕಿರಾ, ನಾನು ವೇಟ್ ಮಾಡ್ತೀನಿ," ಎಂದರು ಅಂಕಲ್.

"ಅಲ್ಲಿ ಯಾರೂ ಇಲ್ಲ ಅಂಕಲ್."

"ಇದಾರಮ್ಮ. ಹಲ್ಲು ಕಚ್ಕೊಂಡು ಉಸಿರೆಳೀತಿದಾರೆ, ಕೇಳು."

ನನಗೂ ಕೇಳಿಸಿತು. ಧೈರ್ಯ ಮಾಡಿ ಪರದೆ ಸರಿಸಿದೆ. ಮಂಚ ಖಾಲಿಯಿತ್ತು. ಬೆಳಿಗ್ಗೆ ನಾನೇ ಹಾಸಿದ್ದ ಕಾಗದದ ಮೇಲೆ ಒಂದು ಸುಕ್ಕೂ ಇರಲಿಲ್ಲ. ಆದರೆ ಮುಟ್ಟಿದಾಗ, ಆ ಎಸಿ ಕೋಣೆಯಲ್ಲೂ ಅದು ಮೈಯಂತೆ ಬೆಚ್ಚಗಿತ್ತು. ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡೆ. ನಾನು ನೋಡುತ್ತಿದ್ದಂತೆಯೇ ದಿಂಬಿನ ನಡುಭಾಗ ನಿಧಾನವಾಗಿ ಒಳಕ್ಕೆ ತಗ್ಗಿತು.